ಜೇನಿಲ್ಲದ ವರ್ಷ

ಶನಿವಾರ ಕ್ರಾನ್ಯ್ ಸಂತೆಯಲ್ಲಿ ನಮ್ಮದು ಒಂದೇ ಮೇಜು.
ನಡುವೆ ಗೆರೆ ಎಳೆದವರಿಲ್ಲ, ಆದರೂ ಇತ್ತು:
ಎಡಕ್ಕೆ ಅತ್ತೆಯ ಬಾಟಲಿ, ಬಲಕ್ಕೆ ನನ್ನ ಬುಟ್ಟಿ.
ಹನ್ನೊಂದು ವರ್ಷ ಜನ ಎಡಕ್ಕೇ ಬಂದರು.
ಲಿಂಡನ್ ಹೂವಿನದು ಇದೆಯಾ, ಚೆಸ್ಟ್‌ನಟ್ಟಿನದು ಬಂತಾ,
ಹೋದ ಸಲ ಕೊಂಚ ಕಹಿ ಇತ್ತಲ್ಲ, ಅದೇ ಬೇಕು ಎಂದು
ಬಾಟಲಿಯನ್ನು ಬಿಸಿಲಿಗೆ ಹಿಡಿದು
ಒಂದು ಕಣ್ಣು ಮುಚ್ಚಿ ನೋಡುವರು.
ಮೂಲಂಗಿಯನ್ನು ಯಾರೂ ಬಿಸಿಲಿಗೆ ಹಿಡಿಯುವುದಿಲ್ಲ.
ಚಿಲ್ಲರೆ ಮಿಕ್ಕರೆ, ಹೋಗಲಿ ಅಂತ, ಒಂದು ಕಟ್ಟು ಸೊಪ್ಪು.

ನಾನು ಐದನೇ ಮಹಡಿಯಲ್ಲಿ ಬೆಳೆದವಳು.
ಮದುವೆಯ ವಾರವೇ ರೆಪ್ಪೆಗೆ ಕಚ್ಚಿತು,
ಫೋಟೋಗಳಲ್ಲೆಲ್ಲ ಬೋಷ್ಟ್ಯಾನನ ಪಕ್ಕ ಒಬ್ಬಳು ಒಕ್ಕಣ್ಣಿ.
ಯೆರಿತ್ಸಾ ಅತ್ತೆ ಉಗುರಲ್ಲಿ ಮುಳ್ಳು ಕಿತ್ತು, ಈರುಳ್ಳಿ ಉಜ್ಜಿ
"ಪಾಪ, ತೀರಿಕೊಂಡಿತು" ಅಂದರು.
ನನ್ನನ್ನು ಕುರಿತಲ್ಲ.
ನಮ್ಮ ಮಾತಿನಲ್ಲಿ ಹಸು ಸಾಯುತ್ತದೆ, ನಾಯಿ ಸಾಯುತ್ತದೆ,
ತೀರಿಕೊಳ್ಳುವುದು ಮನುಷ್ಯರು, ಆಮೇಲೆ ಜೇನು.
ಅಂದಿನಿಂದ ತೋಟದ ಆ ಮೂಲೆ ಅವರದು,
ಬಾವಿಯಿಂದ ಈಚೆ ಮಣ್ಣೆಲ್ಲ ನನ್ನದು.

ಈ ವರ್ಷ ಲಿಂಡನ್ ಅರಳಿದ ಅಷ್ಟೂ ದಿನ ಮಳೆ.
ಚೆಸ್ಟ್‌ನಟ್ ಹೂ ಒದ್ದೆ ದಾರದ ಹಾಗೆ
ದಾರಿಯುದ್ದಕ್ಕೂ ಬಿದ್ದು ಕಪ್ಪಾಯಿತು.
ಪೆಟ್ಟಿಗೆಗಳ ಮುಂದಿನ ಹಲಗೆಯಲ್ಲಿ, ಅಜ್ಜನ ಕಾಲದ ಬಣ್ಣದಲ್ಲಿ,
ನರಿ ಬೇಟೆಗಾರನ ಗಡ್ಡ ಬೋಳಿಸುತ್ತಲೇ ಇತ್ತು,
ಒಳಗೆ ಎರಿ ಹಗುರ, ಕಾಗದದಷ್ಟು.

ಆದರೂ ಅತ್ತೆ ಸಂತೆಗೆ ಬಂದರು.
ಎಡಭಾಗಕ್ಕೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿ
ಅದರ ಮೇಲೆ ಏನೂ ಇಡದೆ ನಿಂತರು.
ಬುಟ್ಟಿ ಅತ್ತ ಸರಿಸಲು ನನಗೆ ಕೈ ಬರಲಿಲ್ಲ.
"ಒಂದೇ ಒಂದು ಬಾಟಲಿ?" ಅಂದರು ಜಾಲೋಕರ್ ಮೇಷ್ಟರು.
"ಇದ್ದದ್ದು ಅವಕ್ಕೇ ಸಾಲದು, ಮೇಷ್ಟರೇ."
ಅವರು ಖಾಲಿ ಬಟ್ಟೆಗೆ ಟೋಪಿ ಎತ್ತಿ ಹೋದರು.

ಆಗಸ್ಟಿನ ಕೊನೆ, ಒಂದು ಗುರುವಾರ,
ಕಾರು ತೆಗಿ ಅಂದರು, ಎಲ್ಲಿಗೆ ಅಂತ ಹೇಳಲಿಲ್ಲ.
ನಮ್ಮೂರಿನ ಅಂಗಡಿ ದಾಟಿತು, ಕ್ರಾನ್ಯ್ ದಾಟಿತು,
ಸಾವಾ ಹೊಳೆ ಎರಡು ಸಲ ದಾಟಿತು.
ಯಾರೂ ಗುರುತು ಹಿಡಿಯದ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ
ಅರವತ್ತು ಕಿಲೋ ಸಕ್ಕರೆ.
"ಜಾಮ್ ಮಾಡ್ತೀರಾ?" ಅಂದಳು ಗಲ್ಲೆಯ ಹುಡುಗಿ.
"ಹೂಂ, ಪ್ಲಮ್," ಅಂದರು ಅತ್ತೆ.
ಸುಳ್ಳು ರೂಢಿಯಿಲ್ಲದ ಕಿವಿಗಳು, ತುದಿವರೆಗೆ ಕೆಂಪು.
ಪರ್ಸು ತೆರೆದರು. ಎಣಿಸಿದರು. ಮತ್ತೆ ಎಣಿಸಿದರು.
ನಾನು ಬೀಟ್‌ರೂಟಿನ ದುಡ್ಡು ತೆಗೆದು ಕೊಟ್ಟೆ,
ನೋಟಿನ ಮಡಿಕೆಯಲ್ಲಿ ಇನ್ನೂ ಮಣ್ಣಿತ್ತು.

ಸಕ್ಕರೆಯ ಮೇಲೆ ಆಲೂಗಡ್ಡೆ ಚೀಲ ಹೊದಿಸಿ ಬರುವಾಗ
ಎರಡನೇ ಸೇತುವೆಯ ತನಕ ಮಾತಿಲ್ಲ.
"ಯಾರಿಗೂ ಹೇಳಬೇಡ."
"ಏನಂತ ಹೇಳಲಿ? ಜಾಮ್ ಅಂತಲೇ?"
ಆಗ ನಕ್ಕರು. ಹನ್ನೊಂದು ವರ್ಷದಲ್ಲಿ
ಅವರ ಮೇಲಿನ ಸಾಲಿನ ಒಂದು ಹಲ್ಲು ಬಂಗಾರದ್ದೆಂದು
ನನಗೆ ಗೊತ್ತಿರಲಿಲ್ಲ.

ರಾತ್ರಿ ಬಟ್ಟೆ ಬೇಯಿಸುವ ಹಂಡೆಯಲ್ಲಿ ಪಾಕ.
ನಾನು ಕದಡಿದೆ, ಅವರು ಬೆರಳದ್ದಿ ಬಿಸಿ ನೋಡಿದರು,
ಬೋಷ್ಟ್ಯಾನ್ ಸೌದೆ ತಂದು ಬೈಸಿಕೊಂಡ.
ನೇಜಾ ಸೌಟು ನೆಕ್ಕಿ ಕೇಳಿತು:
"ಅಜ್ಜೀ, ಇದು ಯಾವ ಹೂವಿನದು?"
"ನಿನ್ನಮ್ಮನ ಬೀಟ್‌ರೂಟಿನದು."
"ಬೀಟ್‌ರೂಟು ಹೂ ಬಿಡುತ್ತಾ?"
"ಬಿಡೋ ತನಕ ನಿನ್ನಮ್ಮ ಬಿಟ್ಟರೆ ತಾನೇ."

ಬೆಳಗ್ಗೆ ಕುಂಬಳದ ಹೂ ಕೊಯ್ಯಲು ಹೋದೆ.
ಒಂದರೊಳಗೆ ಬೂದು ಹುಳು, ಮೈತುಂಬ ಹಳದಿ ಹಿಟ್ಟು,
ಹೊರಗೆ ಚಳಿ ಇತ್ತು, ಎದ್ದಿರಲಿಲ್ಲ.
ಬಾವಿಯ ಗಡಿ ಅದಕ್ಕೆ ಯಾರೂ ಹೇಳಿರಲಿಲ್ಲ.
ಆ ಹೂವನ್ನು ಬಿಟ್ಟು ಪಕ್ಕದ್ದಕ್ಕೆ ಕೈ ಹಾಕಿದೆ.

ಶನಿವಾರ ನಾನು ವ್ಯಾನಿನಿಂದ ತಕ್ಕಡಿ ಇಳಿಸಿ ಬರುವಷ್ಟರಲ್ಲಿ
ಎಡಭಾಗದ ಬಟ್ಟೆಯ ಮೇಲೆ ಮೂಲಂಗಿ,
ಸಾಲಾಗಿ, ಬಾಟಲಿಗಳ ಹಾಗೆ, ಮುಖ ಜನರ ಕಡೆಗೆ.
ಮೇಷ್ಟರು ಬಂದರು.
ಅತ್ತೆ ಒಂದನ್ನು ಬಿಸಿಲಿಗೆ ಹಿಡಿದು
ಒಂದು ಕಣ್ಣು ಮುಚ್ಚಿ,
"ಕಹಿ ಇಲ್ಲ," ಅಂದರು, "ಖಾರ."