ಕೊಸರು

ದಾವಣಗೆರೆ ಮಂಡಿಪೇಟೆ, ಮಹಡಿ ಮೇಲಿನ ಆಫೀಸು,
ಮಾರ್ಚ್ ಮೂವತ್ತು, ರಾತ್ರಿ ಒಂಬತ್ತೂವರೆ.
ಮುರಿಗೆಪ್ಪನವರ ಲೆಕ್ಕದಲ್ಲಿ ಇನ್ನೂ ಲಾಭ ಉಳಿದಿದೆ,
ಎಲ್ಲಿಡಲಿ ಎಂದು ಹುಡುಕುತ್ತಿದ್ದೇನೆ.
ಹೆಂಡತಿ ಹೆಸರಿಗೊಂದಿಷ್ಟು, ಟ್ರಸ್ಟಿಗೊಂದಿಷ್ಟು;
ಹಾಸಿಗೆ ಹಿಡಿದ ಅತ್ತೆ ಈ ಸಾಲಿನಲ್ಲಿ ಹತ್ತಿ ವ್ಯಾಪಾರಿ.
ಎಲ್ಲ ಕಾನೂನಿನೊಳಗೇ. ನಾನು ಕಳ್ಳನಲ್ಲ,
ಹಿತ್ತಲ ಬಾಗಿಲು ಎಲ್ಲಿದೆಯೆಂದು ಬಲ್ಲವನು, ಅಷ್ಟೆ.

ಫೋನಿನಲ್ಲಿ ಅವರು:
"ಖಜಾನೆ ಅನ್ನೋದು ತೂತು ಮಡಕೆ ಕಣಯ್ಯಾ,
ಸುರಿದಷ್ಟೂ ಸೋರುತ್ತೆ. ನಾನ್ಯಾಕೆ ಸುರೀಲಿ?"
ಸುಳ್ಳಲ್ಲ. ನಮ್ಮ ಓಣಿಯ ಚರಂಡಿಗೆ
ಮೂರು ಸಲ ಬಿಲ್ಲಾಗಿದೆ,
ಚರಂಡಿ ಆಗಿಲ್ಲ.

ಹಸಿವಾಗಿ ಕೆಳಗಿಳಿದೆ.
ಭಟ್ಟಿಯ ಮಹಬೂಬಿ ಬುಟ್ಟಿ ಮುಚ್ಚುತ್ತಿದ್ದಳು.
ಒಂದು ಸೇರು ಮಂಡಕ್ಕಿ ಅಳೆದು,
ನಾನು ಕೇಳದೆಯೇ ಮೇಲೊಂದು ಹಿಡಿ:
"ಕೊಸರು ಹಾಕದಿದ್ರೆ ಅಳತೆ ಪೂರಾ ಆಗಲ್ಲ ಸಾರ್."
ಮೊಣಕೈವರೆಗೂ ಮಸಿ. ಪಕ್ಕದ ಚೀಲದಲ್ಲಿ
ಸೋಪು, ಬೆಂಕಿಪೊಟ್ಟಣ, ಕೆಮ್ಮಿನ ಔಷಧಿ,
ಒಂದೊಂದಕ್ಕೂ ಆಗಲೇ ತೆರಿಗೆ ಕಟ್ಟಿದ್ದಾಳೆ,
ಅಡಗಿಸಿಡಲು ಅವಳಿಗೊಬ್ಬ ಅತ್ತೆಯಿಲ್ಲ.

ಮತ್ತೆ ಮೆಟ್ಟಿಲು ಹತ್ತಿದೆ.
ಮಡಕೆ ಸೋರುತ್ತದೆ, ಒಪ್ಪಿದೆ.
ಆದರೆ ಅವಳ ಮನೆಗಿರುವುದು ಅದೊಂದೇ:
ದೊಡ್ಡಾಸ್ಪತ್ರೆಯ ಚೀಟಿ, ಉರ್ದು ಶಾಲೆಯ ಬಿಸಿಯೂಟ.
ತೂತು ಮುಚ್ಚಿರಿ ಅನ್ನುವವರು
ಮಡಕೆಯನ್ನೇ ಒಣಗಿಸುತ್ತಾರೆಯೇ?

ಫೋನು ಮಾಡಿ, "ಸಾವ್ಕಾರ್ರೇ, ಕೊಸರು" ಅನ್ನಲೇ?
ನಕ್ಕಾರು. ನನ್ನ ಸಂಬಳವೂ
ಅವರು ಉಳಿಸಿಕೊಂಡದ್ದರಲ್ಲೇ ಬರುವುದು.

ಕೀಬೋರ್ಡಿನ ಸಂದಿಗೆ ಒಂದು ಮಂಡಕ್ಕಿ ಬಿದ್ದಿದೆ.
ಕಟ್ಟಬೇಕಾದ ತೆರಿಗೆಯ ಕಲಮಿನಲ್ಲಿ
ಸೊನ್ನೆ ಒತ್ತುತ್ತೇನೆ,
ಒತ್ತಿಸಿಕೊಳ್ಳುತ್ತಿಲ್ಲ.