ರಿಜಿಸ್ಟರಿಗೆ ಹತ್ತದ ಕರೆ

ಆ ಜುಲೈ ಒಂದರಂದು ನಮ್ಮೂರ ಡಾಕ್ಟರ ಬಾಗಿಲಲ್ಲಿ
ಒಂದು ರಟ್ಟು ತೂಗಿತು: ಮುಚ್ಚಿದೆ.
ಸಸ್ಕಾಚೆವಾನಿನ ಬಯಲು, ಮೊಣಕಾಲೆತ್ತರದ ಗೋಧಿ,
ಹತ್ತೊಂಬತ್ತುನೂರ ಅರವತ್ತೆರಡು. ನನಗೆ ಇಪ್ಪತ್ತಮೂರು.
ಅಂಚೆಕಚೇರಿಯ ಹಿಂದಿನ ಕೋಣೆಯಲ್ಲಿ ಟೆಲಿಫೋನ್ ಹಲಗೆ,
ನೂರ ಹನ್ನೆರಡು ತೂತು, ಹದಿನಾರು ಹುರಿ,
ಊರಿನ ಕಿವಿಯೆಲ್ಲ ನನ್ನ ಕೈಯಲ್ಲಿ.

ಕೇಳಬಾರದು, ಅದು ನಿಯಮ. ಕೇಳಿದೆ.
"ಸರ್ಕಾರ ನನ್ನ ನಾಡಿ ಹಿಡಿಯುವುದು ಬೇಡ"
ಎಂದರು ಹಾರ್ಡ್‌ವೇರ್ ಅಂಗಡಿಯವರು.
"ಹಿಡಿಯಲಿ ಯಾರಾದರೂ" ಎಂದಳು ವಿಧವೆ ಪರಸ್ಕಾ.
ಮೂವತ್ತೆಂಟರಲ್ಲಿ ಗಂಡನ ಹೊಟ್ಟೆ ಕೊಯ್ಸಲು ಮಾರಿದ ಎಂಬತ್ತು ಎಕರೆ
ಅಡುಗೆಮನೆ ಕಿಟಕಿಯಿಂದ ಅವಳಿಗೆ ಇನ್ನೂ ಕಾಣುತ್ತದೆ,
ಬೇರೆಯವರ ಟ್ರಾಕ್ಟರ್ ಸಮೇತ.

ಡಾಕ್ಟರ್ ಎಂಡೆಲ್ ರೌಡ್‌ಸೆಪ್ ಕೆಟ್ಟವರಲ್ಲ.
ನಲವತ್ನಾಲ್ಕರಲ್ಲಿ ಎಸ್ಟೋನಿಯಾದಿಂದ
ಮೀನುದೋಣಿಯಲ್ಲಿ ದಾಟಿ ಬಂದವರು.
ಅಪ್ಪನ ದವಾಖಾನೆಗೆ ಒಂದು ಬೆಳಿಗ್ಗೆ
ಮೊಹರು, ಮೇಜು, ಮೇಜಿನ ಹಿಂದೊಂದು ಹೊಸ ಟೋಪಿ
ಬಂದು ಕೂತದ್ದನ್ನು ಕಂಡವರು.
"ಮೊದಲು ಬರುವುದು ಫಾರಮ್ಮೇ" ಎನ್ನುತ್ತಿದ್ದರು
ನನ್ನ ಗಂಟಲಿಗೆ ದೀಪ ಹಿಡಿಯುತ್ತ. "ಆ ಅನ್ನು."
ಇಲ್ಲದವರ ಬಿಲ್ಲುಗಳನ್ನು ಕ್ರಿಸ್ಮಸ್ಸಿನ ಹಿಂದಿನ ರಾತ್ರಿ
ಒಂದೊಂದಾಗಿ ಒಲೆಗೆ ಹಾಕುತ್ತಿದ್ದರಂತೆ.
ಯಾರ ಅಪ್ಪಣೆಯೂ ಇಲ್ಲದೆ ಸುಡಬಲ್ಲೆ,
ಅದೇ ನನ್ನ ಸ್ವಾತಂತ್ರ್ಯ, ಅಂತ.

ಸುಟ್ಟದ್ದು ಕಾಗದ. ಹಂಗು ಸುಡಲಿಲ್ಲ.
ನಿಕಿಫೋರ್ ಬಾಬಿಯಕ್ ಅವರನ್ನು ಕಂಡರೆ ಬೀದಿ ದಾಟುತ್ತಿದ್ದ.
ಮೂರು ಹೆರಿಗೆ, ಒಂದು ಮುರಿದ ತೋಳು.
ಕೋಳಿ ಕೊಟ್ಟ, ಕೋಸು ಕೊಟ್ಟ, ಟೋಪಿ ತೆಗೆದು ತೆಗೆದು
ಅದರ ಅಂಚೇ ಸವೆದಿತ್ತು.
"ನನಗೊಂದು ಕಾರ್ಡು ಬೇಕು" ಎಂದ ಸೋದರಮಾವನಿಗೆ,
"ಅವರ ಮುಂದೆ ಟೋಪಿ ಹಾಕಿಕೊಂಡೇ ನಿಲ್ಲಬೇಕು."

ಇಬ್ಬರದೂ ಒಂದೇ ಮಾತು: ಯಾರ ಹಂಗೂ ಬೇಡ.
ಇಬ್ಬರಿಗೂ ಕೇಳಿಸಲಿಲ್ಲ,
ಹುರಿಗಳು ಬೇರೆ ಬೇರೆ ತೂತಿನಲ್ಲಿದ್ದವು.

ಒಂಬತ್ತನೆಯ ರಾತ್ರಿ, ಎರಡೂ ಹತ್ತಕ್ಕೆ,
ನಿಕಿಫೋರನ ತೂತಿನ ಮುಚ್ಚಳ ಟಪ್ಪೆಂದು ಬಿತ್ತು.
ಮಾತಿಲ್ಲ ಮೊದಲು. ಮಗುವಿನ ಕೆಮ್ಮು,
ನರಿಮರಿ ಬೊಗಳಿದಂತೆ. ಆಮೇಲೆ ಉಸಿರೆಳೆಯುವ ಸದ್ದು,
ತುಕ್ಕು ಹಿಡಿದ ಗೇಟು.
ತೆರೆದಿದ್ದ ಆಸ್ಪತ್ರೆ ಎಪ್ಪತ್ತು ಮೈಲಿ ಆಚೆ.
ಲಾರಿಯ ಆಕ್ಸಲ್ ಕಳಚಿ ಅಂಗಳದಲ್ಲಿ ಬಿದ್ದಿತ್ತು.
ನನ್ನ ಹಲಗೆಗೆ ಗುಂಡುಸೂಜಿ ಚುಚ್ಚಿದ ಚೀಟಿ,
ಡಾಕ್ಟರದೇ ಅಕ್ಷರ: ಯಾವ ಕರೆಯನ್ನೂ ಮನೆಗೆ ಕೊಡಬೇಡ.

ಕೊಟ್ಟೆ.
ಯಾರೆಂದು ಹೇಳಲಿಲ್ಲ, ಅವನಿಗೂ ಇವರಿಗೂ.
ಹುರಿ ಸಿಕ್ಕಿಸಿದೆ, ಅಷ್ಟೆ.
ಆ ತುದಿಯಲ್ಲಿ ಬಹಳ ಹೊತ್ತು ಮೌನ.
ತಮ್ಮ ಭಾಷೆಯಲ್ಲಿ ಒಂದು ಬೈಗುಳ, ನನಗೇ ಇರಬೇಕು.
ಆಮೇಲೆ: "ಕೆಟಲು ಇಡು.
ಕಂಬಳಿ ಹೊದಿಸಿ ಬಾಗಿಲಲ್ಲಿ ನಿಲ್ಲು, ತಂಪು ಗಾಳಿಗೆ.
ಈಗ ಉಸಿರು ಕೇಳಿಸು ನನಗೆ.
ಮತ್ತೆ ಕೇಳಿಸು."

ಐದೂ ನಲವತ್ತಕ್ಕೆ ಮಗು ಹಾಲು ಕೇಳಿತು.
"ಇದನ್ನು ಬರೆಯಬೇಡ" ಎಂದರು ಡಾಕ್ಟರು ನನಗೆ.
ಬೆಳಕಾಗುತ್ತಲೇ ನಿಕಿಫೋರ್ ಬಂದ, ಎಷ್ಟಾಯಿತು ಎಂದ.
ಕರೆಯೇ ಇಲ್ಲವಲ್ಲ, ಎಂದೆ.
ಅವನ ಮುಖ ಬಾಡಿತು,
ತಲೆಯಲ್ಲಿ ಇನ್ನೊಂದು ಕೋಳಿಯ ಲೆಕ್ಕ.

ಆಮೇಲೆ ಕಾರ್ಡುಗಳು ಬಂದವು.
ಡಾಕ್ಟರು ಪಿಯಾನೋ ಮಾರಿ ಡಕೋಟಾಕ್ಕೆ ಹೊರಟರು.
ನಿಕಿಫೋರ್ ಹೋಗಿ ಕೈಕುಲುಕಿದ, ಟೋಪಿ ತೆಗೆಯಲಿಲ್ಲ.
ಅವರ ಜಾಗಕ್ಕೆ ಲಂಡನ್ನಿನ ಹುಡುಗನೊಬ್ಬ ಬಂದ,
ಹಿಮಕ್ಕೆ ಒಗ್ಗುವ ಬೂಟಿಲ್ಲದೆ.

ಈಗ ನನಗೆ ಎಂಬತ್ತಾರು.
ಕಳೆದ ಚಳಿಗಾಲ ಸಸ್ಕಟೂನಿನಲ್ಲಿ ಸೊಂಟದ ಕೀಲು ಬದಲಿಸಿದರು.
ಹದಿನಾಲ್ಕು ತಿಂಗಳು ಕಾದೆ,
ಸರ್ಕಾರವನ್ನು ಬಾಯ್ತುಂಬ ಬೈದೆ,
ಒಂದು ಡಾಲರೂ ಕೊಡಲಿಲ್ಲ.
ಬಿಡುಗಡೆಯ ದಿನ ನರ್ಸಿನ ಕೈಯಲ್ಲಿ
ಒಂದು ಜಾಡಿ ಹುಳಿ ಕೋಸು ಇಟ್ಟೆ.
"ಇದೆಲ್ಲ ಬೇಕಿರಲಿಲ್ಲ" ಅಂದಳು.
ಗೊತ್ತು, ಅಂದೆ.