ಇನ್ನೂರು ಫಿಲ್ಸಿನ ಉಪ್ಪು

ಹನ್ನೆರಡು ದಿನಾರಿನ ಡಬ್ಬಿ ಮುಗಿಯಿತು ಎಂದರೆ
ಮಾಲಕಿ ಫೋನಿನಿಂದ ತಲೆ ಎತ್ತದೆ,
"ಮಾಲು ಬರುವ ತನಕ ನೀನೇ ಏನಾದರೂ ಕಲಸು, ಮೋಕಾ."
ಮೂಕಾಂಬು ಎಂಬ ಹೆಸರು
ಮುಹರಖ್‌ನ ಈ ಪಾರ್ಲರಿನಲ್ಲಿ
ಮೊದಲ ವಾರವೇ ಸವೆದು ಕಾಫಿಯಾಗಿದೆ.

ಕೆಳಗೆ ಕೋಲ್ಡ್ ಸ್ಟೋರಿನಲ್ಲಿ
ಇನ್ನೂರು ಫಿಲ್ಸಿಗೆ ಒಂದು ಪ್ಯಾಕೆಟ್ ಹರಳುಪ್ಪು.
"ಉಪ್ಪಿನಕಾಯಿಗಾ?" ಕೇಳಿದ ಮಲಬಾರಿ.
"ಹೌದು, ಹೆಂಗಸರನ್ನೇ ಹಾಕುತ್ತೇವೆ."

ಮಿಕ್ಸಿಯಲ್ಲಿ ಎರಡೇ ಸುತ್ತು.
ಮೂರನೆಯದಕ್ಕೆ ಹಿಟ್ಟಾಗುತ್ತದೆ; ಹಿಟ್ಟು ಉಜ್ಜುವುದಿಲ್ಲ, ಬರೀ ಉರಿಸುತ್ತದೆ.
ಹರಳನ್ನು ಹಾಗೇ ಬಿಟ್ಟರೆ ಮೈ ಗೀರುತ್ತದೆ.
ಉಪ್ಪಿಟ್ಟಿನ ರವೆಯಷ್ಟು ಎಂದು ಬೆರಳ ತುದಿಗೆ ತಿಳಿಯಬೇಕು.
ಎರಡು ಲೋಟ ಉಪ್ಪಿಗೆ ಒಂದು ಲೋಟ ತೆಂಗಿನೆಣ್ಣೆ.
ಜನವರಿಯ ಚಳಿಗೆ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಮುನಿಸಿಕೊಂಡಿದೆ,
ಬಿಸಿನೀರಲ್ಲಿ ನಿಲ್ಲಿಸಿ ಮಾತಾಡಿಸಬೇಕು.
ಸೂಕ್‌ನಿಂದ ತಂದ ಗುಲಾಬಿ ಪಕಳೆ ನೋಟಕ್ಕೆ.
ನೀರು ಮಾತ್ರ ಒಂದು ಹನಿಯೂ ಬೇಡ,
ಒದ್ದೆ ಚಮಚ ಅದ್ದಿದರೆ ಕೆಟ್ಟೆ
ಎಂದು ಮಾರಿಸೆಲ್‌ಗೆ ಗದರುವಾಗ
ನನ್ನ ಬಾಯಲ್ಲಿ ಅಕ್ಕಣಿ ಚಿಕ್ಕಮ್ಮನ ಸ್ವರ ಬಂತು.

ಚಿಕ್ಕಮ್ಮ ಗಂಗೊಳ್ಳಿಯಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದವಳು.
ಬಂಗುಡೆಯ ಬೆನ್ನು ಸೀಳಿ ಒಂದು ಸಾಲು, ಹಿಡಿ ಉಪ್ಪು,
ಮತ್ತೊಂದು ಸಾಲು, ಹಿಡಿ ಉಪ್ಪು.
ಅಂಗೈ ಗೆರೆಗಳೆಲ್ಲ ಬಿಳಿ, ಬೆರಳ ಸಂದು ಒಡೆದು ಕೆಂಪು.
"ಉಪ್ಪಿಗೆ ಕಣ್ಣಿಲ್ಲ ಹೆಣೆ,
ಮೀನ್ ಯಾವ್ದು ಕೈ ಯಾವ್ದು ಅದಕ್ಕೆ ಗೊತ್ತಾತಿಲ್ಲ."
ರಾತ್ರಿ ಎಣ್ಣೆ ಹಚ್ಚಿ
ಯಾರದೋ ಕೈ ಎಂಬಂತೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು.

ಅದೇ ಎರಡು ಸಾಮಾನು.
ನಾನು ಒಂದೇ ಬೋಗುಣಿಗೆ ಹಾಕಿದ್ದೇನೆ, ಅಷ್ಟೇ.

ಗುರುವಾರ ಹಜ್ಜಾ ಲುಲ್ವಾ ಬಂದರು, ಮೊಮ್ಮಗಳ ಮದುವೆ.
ಎಂಬತ್ತನಾಲ್ಕರ ಮೈ. ಒತ್ತಬಾರದು, ಜಾರಿಸಬೇಕು,
ಪಾದದಿಂದ ಮೇಲಕ್ಕೆ, ಎದೆಯ ಕಡೆಗೆ, ಸಣ್ಣ ಸಣ್ಣ ಸುತ್ತು.
ಮೊಣಕೈಗೆ ಒಂದು ಚಿಟಿಕೆ ಹೆಚ್ಚು. ಮುಖಕ್ಕೆ ಬೇಡವೇ ಬೇಡ.
"ಎಷ್ಟು ಇದಕ್ಕೆ?"
"ಹದಿನೈದು ದಿನಾರ್."
ಮಂಚ ಅಲುಗುವಂತೆ ನಕ್ಕರು.
ಅರ್ಧ ಹಿಂದಿ, ಅರ್ಧ ಅರಬಿಯಲ್ಲಿ ಹೇಳಿದರು:
"ನನ್ನಪ್ಪನಿಗೆ ಸಮುದ್ರ ಇದನ್ನು ಪುಕ್ಕಟೆ ಹಚ್ಚುತ್ತಿತ್ತು,
ನಾಲ್ಕು ತಿಂಗಳು, ಮುತ್ತಿನ ಹಡಗಿನಲ್ಲಿ.
ಬಂದ ದಿನ ಅಮ್ಮ ಬಾಗಿಲಲ್ಲೇ ತಡೆದು
ಸಿಹಿನೀರು ಸುರಿಯುವಳು, ಚರ್ಮ ಪದರ ಪದರ ಏಳುವುದು.
ಲುಲ್ವಾ ಅಂದರೆ ಮುತ್ತು, ಗೊತ್ತಾ?
ಅವನ ಕೈಯಲ್ಲಿ ಉಳಿದ ಮುತ್ತು ಇದೊಂದೇ."

ಆಮೇಲೆ, ನಾನು ನೋಡುತ್ತಿದ್ದಂತೆ,
ತನ್ನ ತೋಳನ್ನೇ ನಾಲಿಗೆಯ ತುದಿಯಿಂದ ಮುಟ್ಟಿ
"ಇದು ನಮ್ಮ ಸಮುದ್ರದ್ದಲ್ಲ" ಅಂದರು.
ಪ್ಯಾಕೆಟ್ ತಿರುಗಿಸಿ ನೋಡಿದೆ. ಗುಜರಾತ್.
"ಹಾಗಾದರೆ ನಿಮ್ಮದು."
"ನಮ್ಮೂರದ್ದೂ ಅಲ್ಲ, ಅಮ್ಮ."
ಅಲ್ಲಿ ಯಾವ ಕಾಲು ನಿಂತಿತ್ತೋ ಆ ಕೆಸರಿನಲ್ಲಿ,
ಇಬ್ಬರಿಗೂ ಗೊತ್ತಿರಲಿಲ್ಲ.

ಉಗುರುಬೆಚ್ಚಗಿನ ನೀರು ಸುರಿದೆ. ಸೋಪು ಬೇಡ ಎಂದರು.
ಎಣ್ಣೆಯ ಟೈಲ್ಸು, ಎದ್ದು ನಿಲ್ಲುವಾಗ ನನ್ನನ್ನು ಹಿಡಿದುಕೊಂಡರು,
ತೋಳು ಈಗಷ್ಟೇ ಸುಲಿದ ಬಾದಾಮಿಯಂತೆ.

ಸಂಜೆಗೆ ಮಾಲಕಿ ಲೇಬಲ್ ಮಾಡಿಸಿದ್ದಳು:
ಮುಹರಖ್ ಮುತ್ತಿನುಪ್ಪು, ಹದಿನೆಂಟು ದಿನಾರ್.

ಎಲ್ಲರೂ ಹೋದ ಮೇಲೆ
ಬೋಗುಣಿಯ ಅಂಚಿನದನ್ನು ನನ್ನ ಕೈಗೆ ಬಳಿದುಕೊಂಡೆ.
ದಾರ ಹಿಡಿದು ಹುಬ್ಬು ಕೀಳುವ ಬೆರಳಲ್ಲಿ ಹಳೆಯದೊಂದು ಸೀಳು,
ಉರಿಯಿತು, ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.
ಕೆಳಗೆ ಕೋಲ್ಡ್ ಸ್ಟೋರಿನ ಷಟರ್ ಎಳೆಯುವ ಸದ್ದು.
ನಾಳೆಗೆ ಮೂರು ಪ್ಯಾಕೆಟ್ ಬೇಕು, ಮೆಟ್ಟಿಲಿಳಿದು ಓಡಿದೆ,
ಆರುನೂರು ಫಿಲ್ಸ್ ಎಣಿಸಲು ಹೋದರೆ
ಅಷ್ಟು ನುಣುಪಾದ ಕೈಯಲ್ಲಿ
ಒಂದು ನಾಣ್ಯವೂ ನಿಲ್ಲಲಿಲ್ಲ.